ಇಸ್ತ್ರಿ ಅಕ್ಕನ ತೆಂಗಿನಹಾಲಿನ ಸೂಪು

ಇಸ್ತ್ರಿ ಅಕ್ಕನಿಗೆ ಅಡುಗೆ ಎಂದರೆ ಅಷ್ಟಕ್ಕಷ್ಟೇ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದೆ ಅವಳು ಒಲೆಯ ಮುಂದೆ ಪಟ್ಟ ಪಾಡು ಯಾರಿಗೂ ಅರ್ಥವಾಗುವುದಿಲ್ಲ. ಬೆಂದರೆ ಸಾಕು, ಉಪ್ಪಿದ್ದರೆ ಸಾಕು, ಹೊಟ್ಟೆಗೆ ಬಿದ್ದರೆ ಸಾಕು ಎನ್ನುವ ಹೆಂಗಸು. ಅದೇ ಒಂದು ಮುದುಡಿದ ಅಂಗಿಯನ್ನು ಅವಳ ಮೇಜಿನ ಮೇಲೆ ಹಾಕಿ ನೋಡಬೇಕಿತ್ತು. ಮೊದಲು ಕಾಲರು, ಆಮೇಲೆ ಹೆಗಲು, ಆಮೇಲೆ ತೋಳಿನ ಪಟ್ಟಿ, ಕೊನೆಗೆ ಬೆನ್ನು. ಅಂಗಿ ಮೇಜಿನಿಂದ ಎದ್ದಾಗ ಹೊಸ ಅಳಿಯನ ಹಾಗೆ ಎದೆಯುಬ್ಬಿಸಿ ನಿಂತಿರುತ್ತಿತ್ತು. ಬೀದಿಯವರು ಅವಳ ಹೆಸರನ್ನು ಎಂದೋ ಮರೆತು ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು, ಅವಳೂ ಅದಕ್ಕೇ ಓಗೊಡುತ್ತಿದ್ದಳು.

ಅವಳು ಸಂಬಳಕ್ಕಿದ್ದ ಲಾಂಡ್ರಿ ಬೀದಿಯ ಮೂಲೆಯಲ್ಲಿತ್ತು. ಅದರ ಹಿಂದಿನ ಎರಡು ಕೋಣೆಗಳೇ ಅವಳ ಮನೆ. ಅಂಗಡಿಗೂ ಮನೆಗೂ ನಡುವೆ ಇದ್ದದ್ದು ಒಂದು ಪರದೆ ಮಾತ್ರ. ಅಪ್ಪ ಅಮ್ಮ ಹೋದ ಮೇಲೆ ತಮ್ಮನನ್ನು ಸಾಕಿ, ಓದಿಸಿ, ಹಡಗಿನ ಇಂಜಿನ್ ರಿಪೇರಿಯ ಕೆಲಸಕ್ಕೆ ಸೇರಿಸಿದ್ದು ಆ ಇಸ್ತ್ರಿಪೆಟ್ಟಿಗೆಯೇ. ಯಾರಾದರೂ ಮದುವೆಯ ಮಾತು ತೆಗೆದರೆ, "ಮನೇಲೂ ಗಂಡನ ಪ್ಯಾಂಟಿಗೆ ಇಸ್ತ್ರಿ ಹಾಕೋಕೆ ನಂಗೆ ತಲೆ ಕೆಟ್ಟಿಲ್ಲ" ಎಂದು ನಗಿಸಿ ಕಳಿಸುತ್ತಿದ್ದಳು. ಹಾಗೆ ನಗಿಸುತ್ತಲೇ ವಯಸ್ಸು ಕಳೆದುಹೋಯಿತು.

ಅವಳ ಬಳಿ ಒಂದು ಗುಟ್ಟಿತ್ತು. ಕೆಲವು ವರ್ಷಗಳ ಹಿಂದೆ ಬಂದ ಒಂದು ಕೆಟ್ಟ ಜ್ವರ ಹೋಗುವಾಗ ಅವಳ ಮೂಗಿನ ಶಕ್ತಿಯನ್ನೂ ಕಟ್ಟಿಕೊಂಡು ಹೋಗಿತ್ತು. ಕಾಫಿ, ಸೋಪು, ಮಳೆ ಬಿದ್ದ ಮಣ್ಣು, ಯಾವುದರ ವಾಸನೆಯೂ ಇಲ್ಲ. ನಾಲಿಗೆಗೆ ಉಪ್ಪು, ಹುಳಿ, ಸಿಹಿ, ಕಹಿ, ಖಾರ ಇಷ್ಟು ಗೊತ್ತಾಗುತ್ತಿತ್ತು, ಅದರಾಚೆ ಎಲ್ಲ ಊಟವೂ ಒಂದೇ. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಬಟ್ಟೆ ಸೀದರೆ ಗೊತ್ತಾಗದವಳನ್ನು ಯಾವ ಯಜಮಾನ ತಾನೇ ಇಸ್ತ್ರಿ ಮೇಜಿನ ಮುಂದೆ ನಿಲ್ಲಿಸುತ್ತಾನೆ? ಅವಳು ಕಣ್ಣನ್ನೇ ಮೂಗು ಮಾಡಿಕೊಂಡಳು. ಬಟ್ಟೆಯ ಬಣ್ಣ ಒಂದು ಎಳೆಯಷ್ಟು ಬದಲಾದರೂ ಕೈ ತಾನಾಗಿ ಮೇಲೇಳುತ್ತಿತ್ತು. ಒಂದು ಅಂಗಿಯೂ ಸುಡಲಿಲ್ಲ, ಯಾರಿಗೂ ಅನುಮಾನ ಬರಲಿಲ್ಲ.

ತಮ್ಮ, ಹಡಗು ರಿಪೇರಿಗೆಂದು ನಿಂತ ಥಾಯ್ಲೆಂಡಿನ ಒಂದು ಊರಿನಲ್ಲಿ ಅಲ್ಲಿಯ ಹುಡುಗಿಯನ್ನೇ ಮದುವೆಯಾಗಿದ್ದ. ನಾದಿನಿಯನ್ನು ಇಸ್ತ್ರಿ ಅಕ್ಕ ಕಂಡದ್ದು ಫೋನಿನ ಪರದೆಯ ಮೇಲೆ ಮಾತ್ರ. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು, ಹಾಗಾಗಿ ಕೆನ್ನೆ ನೋಯುವ ತನಕ ನಗುತ್ತಿದ್ದರು. ಆಮೇಲೆ ಒಂದು ಹೆಣ್ಣುಮಗು ಹುಟ್ಟಿತು, ಮೂವರೂ ಪರದೆಯಲ್ಲಿ ನಗತೊಡಗಿದರು. ಆ ನಾದಿನಿ ಜ್ವರ ಎಂದು ಆಸ್ಪತ್ರೆಗೆ ಹೋದವಳು ವಾಪಸು ಬರಲಿಲ್ಲ. ಅವಳ ತಾಯಿಗೆ ಮಂಡಿ ನೋವು, ಎದ್ದು ಓಡಾಡುವ ಸ್ಥಿತಿಯಲ್ಲಿಲ್ಲ. ತಮ್ಮ ಬೇರೆ ದಾರಿ ಕಾಣದೆ ಮಗಳನ್ನು ಕರೆದುಕೊಂಡು ಅಕ್ಕನ ಬಾಗಿಲಿಗೆ ಬಂದು ನಿಂತ.

ಮಗುವಿಗೆ ನಿಜ ಹೇಳಿರಲಿಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ, ವಾಸಿಯಾದ ಮೇಲೆ ಬರುತ್ತಾಳೆ ಎಂದಷ್ಟೇ ಹೇಳಿದ್ದ. ಇನ್ನೂ ಹಾಲುಹಲ್ಲು ಬೀಳದ ಮಗು. ಅಪ್ಪ ಹೇಳಿದ್ದನ್ನು ನಂಬಿ, ಒಂದು ಬಟ್ಟೆಯ ಚೀಲವನ್ನು ತಬ್ಬಿಕೊಂಡು, ಇಸ್ತ್ರಿ ಅಕ್ಕನ ಮುಖವನ್ನು ಗಂಭೀರವಾಗಿ ನೋಡುತ್ತ ನಿಂತಿತ್ತು.

ಇಸ್ತ್ರಿ ಅಕ್ಕನಿಗೆ ದುಃಖ ಎಷ್ಟಾಯಿತೋ ಸಂತೋಷವೂ ಅಷ್ಟೇ ಆಯಿತು, ಅದಕ್ಕೆ ನಾಚಿಕೆಯೂ ಆಯಿತು. ಈ ವಯಸ್ಸಿನಲ್ಲಿ ಮನೆಗೊಂದು ಮಗು! ಏನು ಮಾಡಲಿ, ಏನು ಕೊಡಲಿ ಎಂದು ಕೈಕಾಲು ಆಡಲಿಲ್ಲ. ಗೊತ್ತಿದ್ದದ್ದು ಒಂದೇ ಕೆಲಸ, ಅದನ್ನೇ ಮಾಡಿದಳು. ಮಗು ಮಲಗಿದ್ದಾಗ ಚೀಲವನ್ನು ಸುರಿದು, ಇದ್ದಬದ್ದ ಬಟ್ಟೆಯನ್ನೆಲ್ಲ ಒಗೆದು, ಗಂಜಿ ಹಾಕಿ, ಒಣಗಿಸಿ, ಇಸ್ತ್ರಿ ಮಾಡಿದಳು. ಚೀಲದ ತಳದಲ್ಲಿ ದೊಡ್ಡವರ ಒಂದು ನೀಲಿ ಏಪ್ರನ್ನೂ ಇತ್ತು. ಜಿಡ್ಡು ಹಿಡಿದು, ಅರಿಸಿನದ ಕಲೆಯಾಗಿ, ನೋಡಲಾಗುತ್ತಿರಲಿಲ್ಲ. ಅದನ್ನು ಬಿಸಿನೀರಿನಲ್ಲಿ ನೆನೆಸಿ ಮೂರು ಸಲ ಉಜ್ಜಿ, ಅಂಚು ಕತ್ತಿಯ ಹಾಗೆ ನಿಲ್ಲುವಂತೆ ಮಡಿಸಿ ಎಲ್ಲಕ್ಕಿಂತ ಮೇಲೆ ಇಟ್ಟಳು.

ಮಗು ಎದ್ದು ಬಂದು ಆ ಏಪ್ರನ್ನನ್ನು ಬಿಡಿಸಿತು, ಮುಖಕ್ಕೆ ಒತ್ತಿಕೊಂಡಿತು, ಸ್ವಲ್ಪ ಹೊತ್ತು ಹಾಗೇ ಇತ್ತು. ಮತ್ತೊಮ್ಮೆ ಬೇರೆ ಮೂಲೆ ಹಿಡಿದು ಒತ್ತಿಕೊಂಡಿತು. ಆಮೇಲೆ ಅದನ್ನು ನೆಲದ ಮೇಲೆ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿತು.

ಅಂದು ಸಂಜೆಯಿಂದ ಮಗು ಅನ್ನ ಮುಟ್ಟಲಿಲ್ಲ. ಬ್ರೆಡ್ಡು, ಮೊಟ್ಟೆ, ಬಿಸ್ಕತ್ತು, ಹಣ್ಣು, ಏನು ಕೊಟ್ಟರೂ ತುಟಿ ಬಿಗಿ. ಹಾಲು ಎರಡು ಗುಟುಕು, ನೀರು ನಾಲ್ಕು ಗುಟುಕು, ಅಷ್ಟೇ. ಒತ್ತಾಯ ಮಾಡಿದರೆ "ಮಾಯ್" ಎನ್ನುತ್ತಿತ್ತು.

"ಮಾಯ್ ಅಂದ್ರೇನೋ?" ಎಂದು ಅಕ್ಕ ಕೇಳಿದಳು.

"ಬೇಡ, ಇಲ್ಲ, ಅಲ್ಲ, ಎಲ್ಲಕ್ಕೂ ಅದೇ ಅಕ್ಕಾ. ಕಿನ್ ಅಂದ್ರೆ ತಿನ್ನು. ಮೇ ಅಂದ್ರೆ ಅಮ್ಮ. ಇಷ್ಟು ಗೊತ್ತಿದ್ರೆ ಸಾಕು ನಿಂಗೆ."

"ಹೊಸ ಜಾಗ, ಹೊಂದ್ಕೊಳ್ಳುತ್ತೆ" ಎಂದರು ಅಕ್ಕಪಕ್ಕದವರು. ಮಗು ಹೊಂದಿಕೊಳ್ಳಲಿಲ್ಲ, ಸೊರಗಿತು. ಅಕ್ಕ ತಾನೇ ಇಸ್ತ್ರಿ ಮಾಡಿದ ಫ್ರಾಕು ಮಗುವಿನ ಮೈಮೇಲೆ ದಿನದಿನಕ್ಕೆ ದೊಡ್ಡದಾಗುತ್ತ ಹೋಯಿತು. ಕತ್ತಿನ ಹತ್ತಿರ ಮೂಳೆ ಎದ್ದು ಕಂಡಾಗ ಅವಳು ಮಗುವನ್ನೆತ್ತಿಕೊಂಡು ತಮ್ಮನ ಜೊತೆ ಆಸ್ಪತ್ರೆಗೆ ಓಡಿದಳು. ಡಾಕ್ಟರಮ್ಮ ತೂಕ ನೋಡಿ ಮುಖ ಗಂಟಿಕ್ಕಿಕೊಂಡರು. "ದೇಹದಲ್ಲಿ ಏನೂ ತೊಂದರೆ ಇಲ್ಲ, ತಿನ್ನಬೇಕು ಅಷ್ಟೇ. ಮುಂದಿನ ಸೋಮವಾರದೊಳಗೆ ತಿನ್ನದೇ ಇದ್ರೆ ಅಡ್ಮಿಟ್ ಮಾಡ್ಕೊಂಡು ಮೂಗಿಂದ ನಳಿಗೆ ಹಾಕ್ಬೇಕಾಗುತ್ತೆ" ಎಂದರು.

ಮೂಗಿನಿಂದ ನಳಿಗೆ! ಅಷ್ಟು ಪುಟ್ಟ ಮೂಗು! ಇಸ್ತ್ರಿ ಅಕ್ಕ ಆಸ್ಪತ್ರೆಯ ಮೆಟ್ಟಿಲಿನ ಮೇಲೇ ಮಗುವನ್ನು ಮಡಿಲಿಗೆಳೆದುಕೊಂಡು ಕೂತಳು.

ಆಗ ಮಗುವಿನ ಅಜ್ಜಿಗೆ ತಮ್ಮ ಫೋನು ಹಚ್ಚಿದ. ಅಜ್ಜಿ ಹಾಸಿಗೆಯ ಮೇಲಿಂದಲೇ ಒಂದು ಸೂಪಿನ ಹೆಸರು ಹೇಳಿದಳು. ಟೋಮ್ ಖಾ. ತೆಂಗಿನಹಾಲಿನಲ್ಲಿ ಕೋಳಿ, ಅಣಬೆ ಬೇಯಿಸಿ ಮಾಡುವ ಮನೆಯಡುಗೆ. ಮಗು ಹಠ ಹಿಡಿದಾಗ, ಜ್ವರ ಬಂದಾಗ, ಯಾವುದನ್ನೂ ಒಲ್ಲೆ ಎಂದಾಗ ಅವರಮ್ಮ ಅದನ್ನೇ ಮಾಡುತ್ತಿದ್ದಳಂತೆ. ಅಜ್ಜಿ ತನ್ನ ಪಕ್ಕದ ಮನೆಯವರಿಂದ ಸಾಮಾನು ತರಿಸಿ ಒಂದೊಂದನ್ನೇ ಪರದೆಯ ಮುಂದೆ ಹಿಡಿದಳು. ಶುಂಠಿಯ ಹಾಗಿದ್ದರೂ ಬಿಳಿಚಿಕೊಂಡ, ಮೈಮೇಲೆ ಉಂಗುರದಂಥ ಗೆರೆಗಳಿದ್ದ ಒಂದು ಗೆಡ್ಡೆ. ನಿಂಬೆಹುಲ್ಲಿನ ಬುಡ. ಒಂದರ ತಲೆಗೆ ಇನ್ನೊಂದು ಅಂಟಿಕೊಂಡಂಥ ಜೋಡೆಲೆ. ಮೀನಿನಿಂದ ಇಳಿಸಿದ ಉಪ್ಪುಪ್ಪು ಸಾಸಿನ ಬಾಟಲಿ. ಅಕ್ಕ ಫೋನಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಎಲ್ಲವನ್ನೂ ಕಣ್ಣಲ್ಲಿ ತುಂಬಿಕೊಂಡಳು.

ತೆಂಗಿನಕಾಯಿ, ಕೋಳಿ, ಅಣಬೆ, ಹಸಿಮೆಣಸು ಸಿಕ್ಕವು. ಉಳಿದದ್ದಕ್ಕೆ ತರಕಾರಿ ಸಾಲನ್ನೆಲ್ಲ ಸುತ್ತಿದಳು. "ಶುಂಠಿ ಬೇಕಾ, ಶುಂಠಿ ಅಲ್ದಿದ್ದು ಬೇಕಾ? ಒಂದು ತೀರ್ಮಾನಕ್ಕೆ ಬನ್ನಿ ಅಕ್ಕಾ" ಎಂದು ನಕ್ಕ ತರಕಾರಿಯವನು. ದೊಡ್ಡ ಅಂಗಡಿಯೊಂದರಲ್ಲಿ ಮೀನಿನ ಸಾಸು ಸಿಕ್ಕಿತು. ನಿಂಬೆಹುಲ್ಲು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಸಿಕೊಂಡು ಪೊರಕೆಕಡ್ಡಿಯ ಹಾಗೆ ಒಣಗಿ ಮಲಗಿತ್ತು. ಬಿಳಿ ಗೆಡ್ಡೆ ಕೇಳಿದರೆ ಅಲ್ಲಿಯ ಹುಡುಗಿ, "ಅದನ್ನ ಯಾರೂ ಕೇಳಲ್ಲ, ಶುಂಠಿ ಹಾಕಿ, ಏನೂ ಆಗಲ್ಲ" ಎಂದಳು.

ಏನೂ ಆಗಲ್ಲ ಎಂದು ಶುಂಠಿಯನ್ನೇ ಹಾಕಿದಳು. ತಮ್ಮ ಒಂದು ಚಮಚ ಬಾಯಿಗಿಟ್ಟು ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

"ಹೇಗಿದೆಯೋ?"

"ಶೀತಕ್ಕೆ ಕುಡಿಯೋ ಕಷಾಯದ ಹಾಗಿದೆ ಅಕ್ಕಾ. ವಾಸನೆ ನೋಡಿದ್ರೆ ನಿಂಗೇ ಗೊತ್ತಾಗಲ್ವಾ?"

"ಗೊತ್ತಾಗ್ದೆ ಏನು" ಎಂದು ಅಕ್ಕ ಪಾತ್ರೆ ತಿಕ್ಕಲು ತಿರುಗಿಕೊಂಡಳು. ಮಗು ಬಟ್ಟಲನ್ನು ನೋಡಲೂ ಇಲ್ಲ. ಮಾಯ್.

ಅಷ್ಟರಲ್ಲಿ ಹಡಗಿನಿಂದ ಕರೆ ಬಂತು. ಹೋಗದಿದ್ದರೆ ಕೆಲಸ ಹೋಗುತ್ತದೆ. ಹೊರಡುವ ಮೊದಲು ಅಕ್ಕ ತಮ್ಮನನ್ನು ಲಾಂಡ್ರಿಯ ಬಟ್ಟೆ ಸಾಲಿನ ಹಿಂದಕ್ಕೆ ಎಳೆದುಕೊಂಡು ಹೋದಳು.

"ನಿಜ ಹೇಳ್ಬಿಡೋ ಮಗೂಗೆ. ದಿನಾ ಬಾಗಿಲು ನೋಡ್ತಾ ಮಲಗಿರುತ್ತೆ, ನಂಗೆ ನೋಡೋಕಾಗಲ್ಲ."

"ಈಗಲೇ ಒಂದು ತುತ್ತು ಇಳೀತಿಲ್ಲ. ಹೇಳಿದ್ರೆ ಇರೋ ಜೀವಾನೂ ಬಿಡುತ್ತೆ. ನಾನು ವಾಪಸ್ ಬಂದು ನಾನೇ ಹೇಳ್ತೀನಿ. ಅಲ್ಲೀವರೆಗೆ ಒಂದಕ್ಷರ ಬಾಯಿಬಿಡಲ್ಲ ಅಂತ ಮಾತು ಕೊಡು."

ಅವನ ಕಣ್ಣು ಕೆಂಪಾಗಿದ್ದವು. ಹೆಂಡತಿ ಹೋದಾಗಿನಿಂದ ಅಳಲಿಕ್ಕೂ ಪುರುಸೊತ್ತಾಗಿರಲಿಲ್ಲ ಅವನಿಗೆ. ಅಕ್ಕ ಮಾತು ಕೊಟ್ಟಳು. ಅವನು ಹೋದ. ಸೋಮವಾರ ಹತ್ತಿರವಾಗುತ್ತಿತ್ತು.

ಇಸ್ತ್ರಿ ಅಕ್ಕನ ಹುಡುಕಾಟಕ್ಕೆ ಈಗ ಹುಚ್ಚು ಹಿಡಿಯಿತು. ಕೆಲಸದ ನಡುವೆ ಯಜಮಾನನ ಕಣ್ಣು ತಪ್ಪಿಸಿ ಓಡುತ್ತಿದ್ದಳು, ಕಂಡಕಂಡವರ ಹಿತ್ತಿಲಿಗೆ ಇಣುಕುತ್ತಿದ್ದಳು. ಅಜ್ಜಿ ತೋರಿಸಿದ್ದಂಥ ಜೋಡೆಲೆ ಒಬ್ಬ ಗಿರಾಕಿಯ ಕಾಂಪೌಂಡಿನಲ್ಲೇ ಕಂಡುಬಿಟ್ಟಿತು! ಬುಡದಲ್ಲಿ ಚಿಕ್ಕ ಎಲೆ, ಅದರ ತಲೆಯ ಮೇಲೆ ದೊಡ್ಡ ಎಲೆ, ಥೇಟು ಅದೇ. ಒಗೆದ ಪರದೆಗಳನ್ನು ತಲುಪಿಸಲು ಹೋದವಳು ಹೇಳದೆ ಕೇಳದೆ ಒಂದು ಹಿಡಿ ಕಿತ್ತು ಸೆರಗಿನಲ್ಲಿ ಅಡಗಿಸಿಕೊಂಡು ಬಂದಳು. ಜನ್ಮದಲ್ಲಿ ಒಂದು ಗುಂಡಿ ಕದ್ದವಳಲ್ಲ. ಇಷ್ಟು ಕಷ್ಟಪಟ್ಟದ್ದಕ್ಕೆ ಒಂದೆರಡು ಎಲೆ ಜಾಸ್ತಿಯೇ ಇರಲಿ ಎಂದು ಮುಕ್ಕಾಲು ಪಾಲನ್ನು ಹರಿದು ಸೂಪಿಗೆ ಹಾಕಿ ಕುದಿಸಿದಳು. ರುಚಿ ನೋಡಿದರೆ ನಾಲಿಗೆಯೇ ಮುದುರಿಹೋಗುವಷ್ಟು ಕಹಿ.

ಆದರೂ, ಆಸೆ ನೋಡಿ, ಸಕ್ಕರೆ ಬೆರೆಸಿ ಮಗುವಿನ ಬಾಯಿಗೆ ಹಿಡಿದಳು. "ಕಿನ್ ಮರೀ, ಕಿನ್, ಒಂದೇ ಒಂದು ಚಮಚ, ನಿನ್ ಕಾಲಿಗೆ ಬೀಳ್ತೀನಿ." ಬಿಗಿದ ತುಟಿಯ ಸಂದಿಯಲ್ಲಿ ಚಮಚ ತೂರಿಸಿದಳು. ಮಗು ಕಷ್ಟಪಟ್ಟು ನುಂಗಿತು, ಮರುಕ್ಷಣ ಎಲ್ಲವನ್ನೂ, ಬೆಳಿಗ್ಗೆ ಕುಡಿದ ಹಾಲನ್ನೂ ಸೇರಿಸಿ, ಅವಳ ಮಡಿಲಿಗೇ ಕಕ್ಕಿತು.

ಮಗುವಿನ ಬಾಯಿ ಒರೆಸಿ ಮಲಗಿಸಿದ ಮೇಲೆ ಅವಳು ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತಳು. ಇಷ್ಟು ವರ್ಷ ಮೂಗಿಲ್ಲದೆ ಬದುಕಿದೆ, ಏನೂ ಕಮ್ಮಿಯಾಗಲಿಲ್ಲ ಎಂದುಕೊಂಡಿದ್ದಳು. ಈ ಹಾಳು ಸೂಪಿನಲ್ಲಿ ಇರುವುದೆಲ್ಲ ವಾಸನೆಯೇ. ಫೋನಿನಲ್ಲಿ ಬಣ್ಣ ಬರುತ್ತದೆ, ಆಕಾರ ಬರುತ್ತದೆ, ವಾಸನೆ ಬರುವುದಿಲ್ಲ. ಬಂದಿದ್ದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಕುರುಡಿಯ ಕೈಗೆ ಬಣ್ಣ ಆರಿಸುವ ಕೆಲಸ ಕೊಟ್ಟ ಹಾಗಾಗಿತ್ತು.

ಮಾರುಕಟ್ಟೆಯ ಹಿಂಬದಿಯ ಸಂದಿಯಲ್ಲಿ ಬೇರು, ತೊಗಟೆ, ಒಣಗಿದ ಕಾಯಿಗಳನ್ನು ಔಷಧಿಗೆಂದು ಮಾರುವ ಒಂದು ಅಂಗಡಿ ಇತ್ತು. ಅದರ ಮುದುಕನನ್ನು ಎಲ್ಲರೂ ಬೇರಿನಜ್ಜ ಎನ್ನುತ್ತಿದ್ದರು. ಸಿಡುಕ, ಗಿರಾಕಿಗಳನ್ನು ಕಂಡರೆ ಸಾಲಗಾರರನ್ನು ಕಂಡಂತೆ ಮುಖ ಮಾಡುತ್ತಿದ್ದ. ಶನಿವಾರ ಮಧ್ಯಾಹ್ನ ಇಸ್ತ್ರಿ ಅಕ್ಕ ಮಗುವನ್ನು ಪಕ್ಕದ ಮನೆಯಾಕೆಗೆ ಒಪ್ಪಿಸಿ ಅಲ್ಲಿಗೆ ಹೋಗಿ ನಿಂತಳು. ಉಳಿದ ಜೋಡೆಲೆಗಳನ್ನು ಹಲಗೆಯ ಮೇಲಿಟ್ಟು, ಅದನ್ನು ಹಾಕಿ ಮಗುವಿಗೆ ಕುಡಿಸಿದ ಸೂಪಿನ ವಿಷಯ, ಬಿಳಿ ಗೆಡ್ಡೆಯ ವಿಷಯ ಹೇಳಿದಳು.

ಅಜ್ಜ ಎಲೆಯನ್ನು ಹಿಸುಕಿ ಮೂಸಿದ. "ಇದು ಚಕ್ಕೋತದ ಎಲೆ. ಇದನ್ನ ಮಗೂಗೆ ಕುಡಿಸಿದ್ಯಾ? ಮೂಗು ಇಲ್ವೇನಮ್ಮ ನಿಂಗೆ?"

ಬೈಗುಳಕ್ಕೆಂದು ಆಡಿದ ಮಾತು. ಅವಳಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ.

"ಇಲ್ಲ ಅಜ್ಜ. ನಿಜವಾಗ್ಲೂ ಇಲ್ಲ. ಎಷ್ಟೋ ವರ್ಷ ಆಯ್ತು, ನಂಗೆ ಯಾವ ವಾಸನೇನೂ ಬರಲ್ಲ."

ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಗುರುತು ಪರಿಚಯವಿಲ್ಲದ ಮುದುಕನ ಮುಂದೆ ಹೊರಬಿತ್ತು. ಅದರ ಹಿಂದೆಯೇ ಮಗು, ನಾದಿನಿ, ನಳಿಗೆ, ಸೋಮವಾರ ಎಲ್ಲವೂ ಬಂದವು. ಬೇರಿನಜ್ಜ ಒಂದು ಸ್ಟೂಲು ಎಳೆದು ಹಾಕಿದ. "ಆ ಅಜ್ಜಿಗೆ ಫೋನ್ ಮಾಡು. ವಾಸನೆ ಹೇಗಿರುತ್ತೆ ಅಂತ ನಾನು ಕೇಳ್ತೀನಿ" ಎಂದ.

ಅನುವಾದ ಮಾಡುವ ಆ್ಯಪನ್ನು ತಮ್ಮನೇ ಅವಳ ಫೋನಿಗೆ ಹಾಕಿಕೊಟ್ಟು ಹೋಗಿದ್ದ. ಅಜ್ಜಿ ಅಲ್ಲಿಂದ ಹೇಳಿದ್ದನ್ನು ಅದು ಪಾಠ ಒಪ್ಪಿಸುವ ದನಿಯಲ್ಲಿ ಹೇಳಿತು: "ಶುಂಠಿ ಬಿಸಿ. ಇದು ತಂಪು. ನೋವಿನ ಮುಲಾಮಿನ ಹಾಗೆ. ಕತ್ತರಿಸಿದ ಮರದ ಹಾಗೆ."

"ಅಷ್ಟು ಹೇಳಿದ್ರೆ ಸಾಕು" ಎಂದ ಬೇರಿನಜ್ಜ. ಕೀಲುನೋವಿನ ಔಷಧಿಗೆ ಒಣಗಿಸಿ ಮಾರುವ ಒಂದು ಬೇರು ಅವನ ಡಬ್ಬಿಯಲ್ಲೇ ಇತ್ತು. ಹಸಿಯದು ಬೇಕಲ್ಲ ಎಂದು ಅಂಗಡಿಯ ಹಿಂದೆ ಹೋಗಿ, ಒಡಕು ಬಕೆಟ್ಟಿನಲ್ಲಿ ತಾನೇ ಬೆಳೆಸಿದ್ದ ಗಿಡವನ್ನು ಬುಡಸಹಿತ ಕಿತ್ತು ತಂದ. ಮಣ್ಣು ಒರೆಸಿದರೆ ಬಿಳಿಚಿದ ಮೈ, ಉಂಗುರದ ಗೆರೆ. ಪರದೆಯಲ್ಲಿ ಅಜ್ಜಿ ಕೈತಟ್ಟಿದಳು. ನಿಂಬೆಹುಲ್ಲೂ ಅದೇ ಹಿತ್ತಿಲಲ್ಲಿ ಹಸಿಹಸಿಯಾಗಿ ಬೆಳೆದಿತ್ತು. ಜೋಡೆಲೆ ಮಾತ್ರ ಅವನ ಬಳಿಯೂ ಇರಲಿಲ್ಲ. ಅಜ್ಜಿ ಹೇಳುತ್ತ ಹೋದಳು, ಅವನು ಒಂದೊಂದೇ ಹಿಸುಕಿ ಮೂಸುತ್ತ ಹೋದ. ಕೊನೆಗೆ ನಿಂಬೆಗಿಡದ ತೀರ ಎಳೆಯ ಚಿಗುರು, ನಡುವಿನ ನಾರು ತೆಗೆದು. ಅದರ ಜೊತೆ ಹಸಿರು ನಿಂಬೆಯ ಮೇಲ್ಸಿಪ್ಪೆ, ಬಿಳಿ ಭಾಗ ತಾಗದ ಹಾಗೆ ತುರಿದದ್ದು. "ಇಷ್ಟರಲ್ಲಿ ನಡೆಯುತ್ತೆ. ಒಲೆ ಆರಿಸಿದ ಮೇಲೆ ಹಾಕು, ಕುದಿಸಿದ್ರೆ ಕಹಿ" ಎಂದ.

ಅವಳು ಎಲ್ಲವನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಏಳುವಾಗ ಅಜ್ಜ ತಡೆದ. "ಇರಮ್ಮಾ. ಅವರಮ್ಮ ಅಡುಗೆ ಮಾಡುವಾಗ ಉಡ್ತಿದ್ದ ಬಟ್ಟೆ ಏನಾದ್ರೂ ಇದ್ಯಾ? ಜಿಡ್ಡು ಹಿಡಿದದ್ದು? ತಂದ್ಕೊಡು, ಮೂಸಿ ನೋಡ್ತೀನಿ. ಒಗ್ಗರಣೆಗೆ ಬೇರೆ ಏನು ಹಾಕ್ತಿದ್ಲು, ಎಲ್ಲ ಅದ್ರಲ್ಲೇ ಕೂತಿರುತ್ತೆ."

"ಏಪ್ರನ್ ಇದೆ! ಒಂದು ನಿಮಿಷ" ಎಂದು ಓಡಿದವಳು ಸಂದಿಯ ತಿರುವಿನಲ್ಲಿ ನಿಂತುಬಿಟ್ಟಳು.

ಮೂರು ಸಲ ಉಜ್ಜಿದ್ದಳು. ಬಿಸಿನೀರಿನಲ್ಲಿ. ಗಂಜಿಯನ್ನೂ ಹಾಕಿದ್ದಳು.

ಮಗು ಅದನ್ನು ಮುಖಕ್ಕೆ ಒತ್ತಿಕೊಂಡದ್ದು, ಮತ್ತೆ ಬೇರೆ ಮೂಲೆ ಹುಡುಕಿ ಒತ್ತಿಕೊಂಡದ್ದು ಈಗ ಅವಳಿಗೆ ಅರ್ಥವಾಯಿತು. ಆ ಮಗು ಸಮುದ್ರ ದಾಟಿ ಬರುವಾಗ ತನ್ನ ಅಮ್ಮನನ್ನು ಆ ಬಟ್ಟೆಯಲ್ಲಿ ಕಟ್ಟಿಕೊಂಡು ಬಂದಿತ್ತು. ಅಷ್ಟೇ ಉಳಿದಿತ್ತು ಅವಳದ್ದು ಈ ಭೂಮಿಯ ಮೇಲೆ. ಅದನ್ನು ಅತ್ತೆ ಎನಿಸಿಕೊಂಡವಳು ಬಚ್ಚಲಿನ ಮೋರಿಗೆ ಹರಿಸಿ, ಅಂಚು ತೀಡಿ, ನೋಡು ಎಷ್ಟು ಚೆನ್ನಾಗಿ ಮಾಡಿದ್ದೀನಿ ಎಂದು ಮುಂದೆ ಇಟ್ಟಿದ್ದಳು. ಮೂಗಿದ್ದ ಯಾವ ಹೆಂಗಸಾದರೂ ಆ ಬಟ್ಟೆ ಕೈಗೆತ್ತಿಕೊಂಡ ಕೂಡಲೇ ಬೇರೊಬ್ಬಳು ಇದರಲ್ಲಿದ್ದಾಳೆ ಎಂದು ತಿಳಿದು ಹಾಗೇ ಇಟ್ಟುಬಿಡುತ್ತಿದ್ದಳು. ಇಸ್ತ್ರಿ ಅಕ್ಕ ಗೋಡೆಗೆ ಹಣೆ ಹಚ್ಚಿ ನಿಂತಳು. ದಾರಿಹೋಕರೊಬ್ಬರು ತಲೆ ಸುತ್ತಿತಾ ಎಂದು ಕೇಳಿದರು. ಅವಳು ಹೌದು ಎಂದಳು.

ಭಾನುವಾರ ಲಾಂಡ್ರಿಗೆ ರಜೆ. ಬೆಳಿಗ್ಗೆಯೇ ಒಲೆ ಹಚ್ಚಿದಳು. ತೆಂಗಿನಹಾಲು ಒಡೆಯದ ಹಾಗೆ ಸಣ್ಣ ಉರಿಯಲ್ಲಿಟ್ಟು, ಗೆಡ್ಡೆಯನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿ, ನಿಂಬೆಹುಲ್ಲಿನ ಬುಡ ಜಜ್ಜಿ ಹಾಕಿದಳು. ಕೋಳಿ, ಅಣಬೆ ಬೆಂದವು. ಮೀನಿನ ಸಾಸಿನ ಉಪ್ಪು, ನಿಂಬೆರಸದ ಹುಳಿ, ತೆಂಗಿನ ಸಿಹಿ, ಇಷ್ಟನ್ನು ನಾಲಿಗೆಯಿಂದ ಹೊಂದಿಸಿದಳು. ಒಲೆ ಆರಿಸಿ ಚಿಗುರು, ಸಿಪ್ಪೆಯ ತುರಿ ಉದುರಿಸಿ ಮುಚ್ಚಿಟ್ಟಳು. ಪಾತ್ರೆಯಿಂದ ಬರುತ್ತಿದ್ದದ್ದು ಅವಳ ಪಾಲಿಗೆ ಬರೀ ಹಬೆ. ಸರಿಯಾಗಿದೆಯೋ ಕೆಟ್ಟಿದೆಯೋ ದೇವರಿಗೇ ಗೊತ್ತು.

ಮುಚ್ಚಳ ತೆಗೆದು ಸ್ವಲ್ಪ ಹೊತ್ತಾಗಿತ್ತು ಅಷ್ಟೇ. ಒಳಗಿನ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಮಗು ತಲೆ ಎತ್ತಿತು. ಎದ್ದು ಕೂತಿತು. ಇಷ್ಟು ದಿನ ಎತ್ತಿಕೊಂಡೇ ಬಚ್ಚಲಿಗೆ ಒಯ್ಯಬೇಕಾಗಿದ್ದ ಮಗು ತಾನೇ ಎದ್ದು, ಗೋಡೆ ಹಿಡಿದು, ಅಡುಗೆಮನೆಯ ಬಾಗಿಲಿಗೆ ಬಂತು. ಅದರ ಕಣ್ಣು ಹೊಳೆಯುತ್ತಿದ್ದವು.

"ಮೇ?" ಎಂದಿತು.

ಇಸ್ತ್ರಿ ಅಕ್ಕನಿಗೆ ಮೊದಲು ಏನೂ ಹೊಳೆಯಲಿಲ್ಲ, ಗೆದ್ದೆ ಎಂದೇ ಅನ್ನಿಸಿತು. ಮಗು ಅವಳನ್ನು ದಾಟಿ ಬಾಗಿಲಿನ ಹಿಂದೆ ಇಣುಕಿತು. ಬಚ್ಚಲು ನೋಡಿತು, ಮಂಚದ ಕೆಳಗೆ ಬಗ್ಗಿ ನೋಡಿತು. ಪರದೆ ಸರಿಸಿ ಲಾಂಡ್ರಿಗೆ ನುಗ್ಗಿ, ಸಾಲಾಗಿ ತೂಗಿದ್ದ ಉದ್ದನೆಯ ಗೌನು, ಕೋಟುಗಳನ್ನು ಒಂದೊಂದಾಗಿ ಸರಿಸುತ್ತ, ಕಣ್ಣಾಮುಚ್ಚಾಲೆಯಲ್ಲಿ ಇನ್ನೇನು ಸಿಕ್ಕಿಬಿಟ್ಟೆ ಎನ್ನುವವರ ಹಾಗೆ ನಗುತ್ತ ಕೂಗಿತು. "ಮೇ! ಮೇ!"

ಅವಳ ಕೈಯ ಸೌಟು ಹಾಗೇ ನಿಂತಿತು. ಸೂಪು ಸರಿಯಾಗಿತ್ತು. ಎಷ್ಟು ಸರಿಯಾಗಿತ್ತೆಂದರೆ, ಮಗುವಿನ ಲೆಕ್ಕದಲ್ಲಿ ಅದನ್ನು ಮಾಡಬಲ್ಲವಳು ಒಬ್ಬಳೇ ಇದ್ದಳು, ಅವಳು ಬಂದುಬಿಟ್ಟಿದ್ದಳು.

ಎಲ್ಲೂ ಕಾಣದಿದ್ದರೂ ಮಗು ಸೋಲಲಿಲ್ಲ. ಹೊರಗೆಲ್ಲೋ ಹೋಗಿರಬೇಕು, ಬರುತ್ತಾಳೆ ಎಂದುಕೊಂಡಿತೋ ಏನೋ. ವಾಪಸು ಬಂದು ತಟ್ಟೆ ಸ್ಟ್ಯಾಂಡಿನಿಂದ ಎರಡು ಬಟ್ಟಲು ಎಳೆದು ನೆಲದ ಮೇಲೆ ಎದುರುಬದುರು ಇಟ್ಟಿತು. ಸೌಟಿನ ಕಡೆ ಬೆರಳು ತೋರಿಸಿತು. ಅಕ್ಕ ಯಂತ್ರದ ಹಾಗೆ ಎರಡಕ್ಕೂ ಬಡಿಸಿದಳು. ಮಗು ಒಂದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಕೆದರಿದ ಕೂದಲನ್ನು ಅಂಗೈಯಿಂದ ಒತ್ತಿಕೊಂಡು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಬೀದಿಬಾಗಿಲನ್ನು ನೋಡುತ್ತ ಕಾಯತೊಡಗಿತು.

"ಕಿನ್ ಮರೀ" ಎಂದಳು ಅಕ್ಕ. ಮಗು ತಲೆಯಾಡಿಸಿ ಎದುರಿನ ಬಟ್ಟಲನ್ನು ತೋರಿಸಿತು. ಅಮ್ಮ ಬಂದ ಮೇಲೆ.

ಇಸ್ತ್ರಿ ಅಕ್ಕನ ಎದೆಯಲ್ಲಿ ಏನಾಯಿತು ಎಂದು ಹೇಳುವುದು ಕಷ್ಟ. ಒಂದು ಸುಳ್ಳು ಸಾಕಾಗಿತ್ತು. ಬಾಗಿಲ ಕಡೆ ಕೈ ತೋರಿಸಿ, ಮೇ ಬರ್ತಾಳೆ, ನೀನು ತಿನ್ನು ಎಂದು ನಗುತ್ತ ಸನ್ನೆ ಮಾಡಿದ್ದರೆ ಮಗು ತಿನ್ನುತ್ತಿತ್ತು. ನಾಳೆ ಡಾಕ್ಟರಮ್ಮನ ಮುಖ ಅರಳುತ್ತಿತ್ತು. ತಮ್ಮನಿಗೆ ಕೊಟ್ಟ ಮಾತೂ ಉಳಿಯುತ್ತಿತ್ತು. ಆಮೇಲೆ ನಾಳೆ ಮತ್ತೆ ಸೂಪು, ಮತ್ತೆ ಎರಡು ಬಟ್ಟಲು, ಮತ್ತೆ ಬಾಗಿಲು. ಎಷ್ಟು ದಿನ? ಈ ಮಗುವಿನಿಂದ ಒಂದು ಸಲ ಅಮ್ಮನನ್ನು ತೊಳೆದುಹಾಕಿದ್ದು ಸಾಲದು ಎಂದು ದಿನಾ ಬೇಯಿಸಿ ಕರೆದು ದಿನಾ ಕಳಿಸುವುದೇ? ಹೇಳಿದರೆ ಇರುವ ಜೀವವನ್ನೂ ಬಿಡುತ್ತದೆ ಎಂದಿದ್ದ ತಮ್ಮ. ಅಕ್ಕ ಸೌಟು ಕೆಳಗಿಟ್ಟಳು.

ಅವಳು ಖಾಲಿ ಜಾಗದಲ್ಲಿ, ಆ ಎರಡನೇ ಬಟ್ಟಲಿನ ಹಿಂದೆ, ಮಗುವಿನ ಎದುರಿಗೆ ಕೂತಳು. ಇದನ್ನು ಫೋನಿನ ಆ ಪಾಠ ಒಪ್ಪಿಸುವ ದನಿಯಿಂದ ಹೇಳಿಸಲು ಅವಳಿಗೆ ಮನಸ್ಸು ಬರಲಿಲ್ಲ.

"ಮೇ..." ಎಂದಳು. ಮಗು ಹುಬ್ಬೇರಿಸಿ ನೋಡಿತು. "ಮೇ, ಮಾಯ್."

ಮಗು ಬಾಗಿಲು ತೋರಿಸಿತು.

"ಮಾಯ್ ಕಂದಾ. ಬರಲ್ಲ. ನಿಮ್ಮಮ್ಮ ಇಲ್ಲ. ಜ್ವರ ಬಂತು, ಹೋಗ್ಬಿಟ್ಲು. ಇದು ನಾನು ಮಾಡಿದ್ದು, ಈ ಪಾಪಿ ಮಾಡಿದ್ದು. ಮೇ ಮಾಯ್." ಭಾಷೆ ಗೊತ್ತಿಲ್ಲದ ಮಗುವಿಗೆ ತನ್ನ ಭಾಷೆಯಲ್ಲೇ ಹೇಳುತ್ತ, ಎದೆ ಬಡಿದುಕೊಳ್ಳುತ್ತ, ಅಂಗೈಯನ್ನು ಇಲ್ಲ ಇಲ್ಲ ಎಂದು ಆಡಿಸುತ್ತ ಹೇಳಿದಳು. ಪದ ಅರ್ಥವಾಗದಿದ್ದರೂ ಮುಖ ಅರ್ಥವಾಯಿತು. ದೊಡ್ಡವರೆಲ್ಲ ಇಷ್ಟು ದಿನ ಯಾವ ಮುಖವನ್ನು ತನ್ನಿಂದ ಬಚ್ಚಿಟ್ಟಿದ್ದರೋ ಅದನ್ನು ಮಗು ಈಗ ನೇರ ನೋಡುತ್ತಿತ್ತು.

ಮಗುವಿನ ಮುಂದಿದ್ದ ಬಟ್ಟಲು ಹಾರಿ ಗೋಡೆಗೆ ಬಡಿಯಿತು. ಸೂಪು ನೆಲದ ತುಂಬ ಚೆಲ್ಲಿತು. ಮಗು ಕಿರುಚಿದ ಕಿರುಚಾಟಕ್ಕೆ ಪಕ್ಕದ ಮನೆಯಾಕೆ ಓಡಿ ಬಂದು ಬಾಗಿಲು ಬಡಿದಳು. ಅಕ್ಕ ತೆಗೆಯಲಿಲ್ಲ. ಮುಷ್ಟಿ ಕಟ್ಟಿ ಎದೆಗೆ, ಕೆನ್ನೆಗೆ, ಕತ್ತಿಗೆ ಹೊಡೆಯುತ್ತಿದ್ದ ಮಗುವಿನ ಮುಂದೆ ಮುಖ ಒಡ್ಡಿ ಕೂತೇ ಇದ್ದಳು. ತಬ್ಬಿಕೊಳ್ಳಲು ಹೋದರೆ ಮಗು ಕಚ್ಚಿತು. ಕಚ್ಚಿಸಿಕೊಂಡಳು. ಈ ಮನೆಗೆ ಕಾಲಿಟ್ಟ ಮೇಲೆ ಆ ಮಗು ಒಂದು ಹನಿ ಕಣ್ಣೀರು ಹಾಕಿರಲಿಲ್ಲ ಎನ್ನುವುದು ಆಗ ಅವಳ ಗಮನಕ್ಕೆ ಬಂತು. ಈಗ ಅದರ ಇಡೀ ಮೈ ಅಳುತ್ತಿತ್ತು. ಅತ್ತು ಅತ್ತು, ದನಿ ಹೋಗಿ, ಬಿಕ್ಕುತ್ತ ಬಿಕ್ಕುತ್ತ ನೆಲದ ಮೇಲೇ ಮುದುಡಿ ಬಿದ್ದುಕೊಂಡಿತು.

ಮುಗಿಯಿತು ಎಂದುಕೊಂಡಳು ಇಸ್ತ್ರಿ ಅಕ್ಕ. ನಾಳೆ ನಳಿಗೆ. ತಮ್ಮನಿಗೆ ಯಾವ ಬಾಯಿಂದ ಹೇಳುವುದು? ಬೇರೆ ಏನು ಮಾಡಬೇಕೆಂದು ತೋಚದೆ ಒಂದು ಹಳೆಯ ಬಟ್ಟೆ ತೆಗೆದುಕೊಂಡು ಚೆಲ್ಲಿದ ಸೂಪನ್ನು ಒರೆಸತೊಡಗಿದಳು. ಗೆಡ್ಡೆಯ ಬಿಲ್ಲೆಗಳನ್ನು ಒಂದೊಂದಾಗಿ ಹೆಕ್ಕಿದಳು.

ಬೆನ್ನ ಹಿಂದೆ ಸದ್ದಾಯಿತು. ಓರೆಗಣ್ಣಿನಲ್ಲಿ ನೋಡಿದಳು. ಮಗು ಮೊಣಕಾಲಲ್ಲೇ ತೆವಳಿಕೊಂಡು ಬಂದಿತ್ತು. ಅಮ್ಮನಿಗೆಂದು ಇಟ್ಟಿದ್ದ ಬಟ್ಟಲು ಅಲ್ಲೇ ಇತ್ತು, ತಣ್ಣಗಾಗಿ ಮೇಲೆ ಕೆನೆ ಕಟ್ಟಿತ್ತು. ಮಗು ಅದನ್ನು ಎರಡೂ ಕೈಯಿಂದ ತನ್ನತ್ತ ಎಳೆದುಕೊಂಡಿತು. ಅತ್ತೆಗೆ ಬೆನ್ನು ತಿರುಗಿಸಿ ಕೂತಿತು. ಚಮಚ ಹುಡುಕಲಿಲ್ಲ, ಬೆರಳಿನಿಂದಲೇ ಒಂದು ಅಣಬೆ ತೆಗೆದು ಬಾಯಿಗಿಟ್ಟಿತು. ಬಿಕ್ಕಿತು. ನುಂಗಿತು. ಆಮೇಲೆ ಇನ್ನೊಂದು.

ಇಸ್ತ್ರಿ ಅಕ್ಕ ತಿರುಗಿ ನೋಡಲಿಲ್ಲ. ನೆಲ ಆಗಲೇ ಒಣಗಿತ್ತು. ತಾನು ಕೈ ನಿಲ್ಲಿಸಿದರೆ ಎಲ್ಲಿ ಮಗುವೂ ನಿಲ್ಲಿಸಿಬಿಡುತ್ತದೋ ಎಂಬ ಭಯಕ್ಕೆ ಅವಳು ಒಣ ನೆಲವನ್ನೇ ಒರೆಸುತ್ತ ಹೋದಳು.